ಕಾಶಿಯಲ್ಲಿ ನಾನು ಬಿಟ್ಟ ಒಂದು ವಾಕ್ಯ

ಎರಡು ವರ್ಷಗಳ ಹಿಂದಿನ ಜನವರಿ. ಬನಾರಸ್ಸಿನಲ್ಲಿ ಐದು ದಿನಗಳಿಂದ ಸೂರ್ಯ ಕಂಡಿರಲಿಲ್ಲ. ಬೆಳಿಗ್ಗೆ ಎದ್ದು ಕಿಟಕಿ ತೆರೆದರೆ ಎದುರು ಮನೆಯ ಗೋಡೆಯೂ ಇಲ್ಲ, ಗಲ್ಲಿಯೂ ಇಲ್ಲ; ಬಿಳಿ ಮಂಜಿನೊಳಗಿಂದ ಯಾರದೋ ಕೆಮ್ಮು, ಎಲ್ಲಿಯದೋ ಗಂಟೆ, ಅಷ್ಟೇ. ಆ ಐದನೆಯ ದಿನ ಸಂಜೆ ಐದರೊಳಗೆ ನಾನು ಎಂಬಿಎ ಅರ್ಜಿ ಕಳಿಸಬೇಕಿತ್ತು. ಇಲ್ಲವಾದರೆ ಮುಂದಿನ ವರ್ಷದವರೆಗೆ ಕಾಯಬೇಕಿತ್ತು.

ನಾನು ಮೈಸೂರಿನವಳು. ಕಾಲೇಜಿನ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲೇ ಕಳೆದೆ. ಪರ ಎಂದು ಚೀಟಿ ಬಂದರೆ ಪರ, ವಿರೋಧ ಎಂದು ಬಂದರೆ ವಿರೋಧ. ಭೇಲೂಪುರದ ಒಂದು ಕಣ್ಣಿನ ಆಸ್ಪತ್ರೆಯ ಕಚೇರಿಗೆ ಕೆಲಸಕ್ಕೆ ಸೇರಿದ್ದೂ ಲೆಕ್ಕಾಚಾರದಿಂದಲೇ. ಎಲ್ಲರಂತೆ ದೊಡ್ಡ ಕಂಪನಿ ಸೇರಿದರೆ ಅರ್ಜಿಯಲ್ಲಿ ಎಲ್ಲರಂತೆ ಕಾಣುತ್ತೇನೆ, ಕಾಶಿ ಎಂದರೆ ಓದುವವರ ಕಣ್ಣು ನಿಲ್ಲುತ್ತದೆ ಎಂದುಕೊಂಡಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ.

ಹೊರಡುವಾಗ ನಮ್ಮಜ್ಜಿ, "ಕಾಶಿಗೆ ಹೋದೋರು ಇಷ್ಟವಾದದ್ದು ಏನಾದ್ರೂ ಅಲ್ಲಿ ಬಿಡ್ಬೇಕು ಕಣೆ" ಎಂದಿದ್ದರು. ಬಿಟ್ಟರೆ ಏನು ಸಿಗುತ್ತದೆ, ಬಿಡದಿದ್ದರೆ ಏನು ಕಳೆಯುತ್ತದೆ ಎಂದು ಅರ್ಧ ಗಂಟೆ ವಾದ ಮಾಡಿ, ಕೊನೆಗೆ ಹಾಗಲಕಾಯಿ ಬಿಟ್ಟೆ. ಹುಟ್ಟಿದಾಗಿನಿಂದ ಅದನ್ನು ತಿಂದವಳೇ ಅಲ್ಲ.

ಅರ್ಜಿಯಲ್ಲಿ ಒಂದೇ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿತ್ತು: ಈಗಲೇ ಏಕೆ? ಈಗಲೇ ಹೋಗಬೇಕು ಎಂದೊಂದು ಪುಟ, ಇನ್ನೊಂದು ವರ್ಷ ಕಾಯಬೇಕು ಎಂದೊಂದು ಪುಟ ಬರೆದು ನೋಡಿದ್ದೆ. ಎರಡೂ ಕಡೆ ನಾನೇ ಗೆದ್ದೆ. ತೀರ್ಪು ಕೊಡುವವರು ಮಾತ್ರ ಇರಲಿಲ್ಲ. ಆದರೂ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತಿತ್ತು, ಏಕೆಂದರೆ ಅದರಲ್ಲಿ ಒಂದು ವಾಕ್ಯವಿತ್ತು.

ಆ ವಾಕ್ಯದ ಹಿನ್ನೆಲೆ ಇಷ್ಟು. ಪೊರೆ ತೆಗೆಸಿಕೊಂಡ ಮುದುಕರಿಗೆ ಆಸ್ಪತ್ರೆಯಲ್ಲಿ ಎರಡು ಬಾಟಲಿ ಔಷಧಿ ಕೊಡುತ್ತಿದ್ದರು. ಒಂದನ್ನು ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಬಿಡಬೇಕು, ಇನ್ನೊಂದನ್ನು ಎರಡು ಸಲ. ಎರಡೂ ಬಾಟಲಿ ಒಂದೇ ಥರ. ಓದಲು ಬಾರದವರಿಗೆ ಗೊಂದಲ. ನಾನು ಗೋದೌಲಿಯಾ ಪೇಟೆಗೆ ಹೋಗಿ ದಾರದ ಉಂಡೆಗಳನ್ನು ತಂದು, ನಾಲ್ಕು ಸಲದ್ದಕ್ಕೆ ಕೆಂಪು, ಎರಡು ಸಲದ್ದಕ್ಕೆ ಹಳದಿ ಕಟ್ಟಿಸತೊಡಗಿದೆ. ಶುರುವಾಗಿ ಮೂರು ತಿಂಗಳಾಗಿತ್ತು. ಅದರ ಬಗ್ಗೆ ಹೀಗೆ ಬರೆದಿದ್ದೆ: "ಅಕ್ಷರ ಬಾರದ ಕೈಗಳಿಗೆ ನಾನು ಒಂದೆಳೆ ದಾರದಿಂದ ಓದುವ ಕಣ್ಣು ಕೊಟ್ಟೆ." ನಿದ್ದೆ ಬರದಿದ್ದಾಗ ಅದನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಆ ದಿನ ರಜೆ ಹಾಕಿ, ಲ್ಯಾಪ್‌ಟಾಪ್ ಹೆಗಲಿಗೇರಿಸಿ ಕೇದಾರ ಘಾಟಿನ ಕಡೆ ನಡೆದೆ. ಗಲ್ಲಿಯಲ್ಲಿ ಒಂದು ಹಸು ಇದ್ದಕ್ಕಿದ್ದಂತೆ ಮಂಜಿನಿಂದ ಮೂಡಿ, ನನ್ನನ್ನು ದಾಟಿ, ಮತ್ತೆ ಮಂಜಾಯಿತು. ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯುತ್ತಿರಲಿಲ್ಲ. ಶಂಕರನ ಇಡ್ಲಿ ಹೋಟೆಲು ಬಂದದ್ದು ಗೊತ್ತಾಗಿದ್ದು ಡಿಕಾಕ್ಷನ್ನಿನ ವಾಸನೆಯಿಂದ.

ಶಂಕರ ಕಾಶಿಯಲ್ಲೇ ಹುಟ್ಟಿ ಬೆಳೆದವನು; ಅವನ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಗೆ ಜಾರುತ್ತದೆ. ಅಲ್ಲಿ ಡಿಕಾಕ್ಷನ್ ಇಳಿಸುವವರು ಪುಟ್ಟತಾಯಮ್ಮ. ತುಮಕೂರು ಕಡೆಯ ಹಳ್ಳಿಯವರು. ಗಂಡ ತೀರಿದ ಮೇಲೆ ಐವತ್ತಾರನೇ ವಯಸ್ಸಿಗೆ ಇಲ್ಲೇ ಕಣ್ಣು ಮುಚ್ಚಬೇಕೆಂದು ಬಂದು, ಪಕ್ಕದ ಲಾಡ್ಜಿನ ಒಂದು ಕೋಣೆಯಲ್ಲಿ ಆಗಲೇ ಇಪ್ಪತ್ತು ವರ್ಷದಿಂದ ಇದ್ದರು. ಬಂದ ದಿನ ಬಿಟ್ಟದ್ದು ಕಾಫಿ. ಈಗ ರುಚಿ ನೋಡದೆ, ಮೂಗಿನಿಂದಲೇ ಹದ ಹೇಳುತ್ತಾರೆ. ಹಿಂದಿನ ನವೆಂಬರಿನಲ್ಲಿ ಅವರು ಪೊರೆ ತೆಗೆಸಿಕೊಂಡಾಗ ಆಸ್ಪತ್ರೆಯಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ, ಹಾಗೆ ಪರಿಚಯ.

"ಏನಮ್ಮಾ, ಮುಖ ಹುದುಗು ಬರದೇ ಇರೋ ಹಿಟ್ಟಿನ ಥರ ಇದೆ" ಎಂದರು ಪುಟ್ಟತಾಯಮ್ಮ.

"ಇವತ್ತು ಫಾರಂ ಕಳಿಸ್ಬೇಕು ಅಜ್ಜಿ. ಇವತ್ತೇ ಕಳಿಸೋದೋ, ಮುಂದಿನ ವರ್ಷವೋ ಗೊತ್ತಾಗ್ತಿಲ್ಲ."

"ಅದೇನು ಬರ್ದಿದೀಯ, ಓದು ಕೇಳೋಣ."

ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡುತ್ತಾ ಓದಿದೆ. ಅಜ್ಜಿ ಹೂಂಗುಟ್ಟುತ್ತಿದ್ದರು. ಆ ವಾಕ್ಯವನ್ನು ಸ್ವಲ್ಪ ನಿಧಾನವಾಗಿಯೇ ಓದಿದೆ.

"ಯಾವ ದಾರ?"

"ನಿಮ್ಮ ಬಾಟ್ಲಿಗೆ ಕಟ್ಟಿದ್ನಲ್ಲ ಅಜ್ಜಿ, ಕೆಂಪುದು."

"ಓ, ಅದಾ?" ಎಂದು ಶಾಲಿನೊಳಗಿಂದ ಕೈ ಹೊರಗೆ ತೆಗೆದರು. ಮಣಿಕಟ್ಟಿನಲ್ಲಿ ಬಣ್ಣ ಮಾಸಿದ ಕೆಂಪು ದಾರ. "ಡಾಕ್ಟ್ರು ಪೂಜೆ ಮಾಡ್ಸಿ ಕೊಟ್ಟಿರೋದು ಅಂದ್ಕೊಂಡೆ. ಪ್ರಸಾದದ ದಾರನ ಔಷಧಿ ಬಾಟ್ಲಿಗೆ ಬಿಡಕ್ಕಾಗುತ್ತಾ? ಬಿಚ್ಚಿ ಕೈಗೆ ಕಟ್ಕೊಂಡೆ. ಹಳದೀದು ತುಳಸಿಗೆ ಕಟ್ದೆ."

"ಮತ್ತೆ ಔಷಧಿ?"

"ನೆನಪಾದಾಗ ಎರಡೂ ಬಿಡ್ತಿದ್ದೆ. ಕಣ್ಣು ಬಂತಲ್ಲ. ನಿನ್ನ ಮೂಗಿನ ಮೇಲಿನ ಮಚ್ಚೆ ಈಗ ಕಾಣ್ತಿದೆ."

"ನಾನು ಬಿಡಿಸಿ ಹೇಳಿದ್ದೆ. ನೀವು ಹೂಂ ಅಂದ್ರಿ."

"ಕಣ್ಣಿಗೆ ಬಟ್ಟೆ ಕಟ್ಟಿದ್ರಲ್ಲವ್ವ, ಹೆದರಿಕೆ. ನೀನು ಏನು ಹೇಳಿದ್ರೂ ಹೂಂ ಅಂತಿದ್ದೆ."

ನಾನು ಬಿಡಲಿಲ್ಲ. ಒಬ್ಬರು ಹಾಗೆ ಮಾಡಿದರೆಂದು ಎಲ್ಲರೂ ಮಾಡಿದರು ಎನ್ನಲಾಗದು ಎಂದೆ. ಅಜ್ಜಿ ಉತ್ತರಿಸುವ ಮೊದಲೇ ಶಂಕರ ದೋಸೆ ಮಗುಚುತ್ತಾ ಬಾಯಿ ಹಾಕಿದ. "ಮೇರಿ ಅಮ್ಮಾ ಭೀ, ದೀದಿ. ನಿಮ್ಮಲ್ಲೇ ಪೊರೆ ತೆಗೆಸಿದ್ದು, ಅವಳೂ ಹಂಗೇ. ಕೆಂಪುದು ಕೈಗೆ, ಹಳದಿ ನಮ್ಮ ಗಲ್ಲೇ ಮೇ. ನೋಡಿ." ಅವನ ಗಲ್ಲಾಪೆಟ್ಟಿಗೆಯ ಹಿಡಿಗೆ ನನ್ನ ಹಳದಿ ದಾರ ಗಂಟು ಹಾಕಿಕೊಂಡು ಕೂತಿತ್ತು.

ನಾನು ಅಗ್ಗವೆಂದು ತಂದದ್ದು ಪೂಜೆಯ ದಾರ. ಬೇರೆ ಊರಿನಲ್ಲಾದರೆ ಅದು ಬರೀ ದಾರವಾಗಿ ಉಳಿಯುತ್ತಿತ್ತೋ ಏನೋ.

ಎದ್ದು ಘಾಟಿನ ಮೆಟ್ಟಿಲ ಮೇಲೆ ಕುಳಿತೆ. ನದಿ ಕಾಣುತ್ತಿರಲಿಲ್ಲ, ನೀರಿನ ಸದ್ದು ಮಾತ್ರ ಇತ್ತು. ಮಂಜಿನೊಳಗಿಂದ ಒಂದೊಂದೇ ಕೈ ಮೂಡುತ್ತಿತ್ತು. ಹುಟ್ಟು ಹಾಕುವ ಕೈ, ತಾಮ್ರದ ಚೊಂಬು ಹಿಡಿದ ಕೈ, ಹೂವಿನ ಬುಟ್ಟಿಯ ಕೈ. ಎಲ್ಲದರಲ್ಲೂ ಕೆಂಪು ದಾರ. ಕಾಶಿಯಲ್ಲಿ ಅದಿಲ್ಲದ ಕೈ ಯಾವುದಿದೆ? ಅವುಗಳಲ್ಲಿ ನಾನು ಕಟ್ಟಿಸಿದ್ದು ಎಷ್ಟೋ ಹೇಳುವಂತಿರಲಿಲ್ಲ. ನಾಚಿಕೆಪಡಬೇಕಾದ ಹೊತ್ತಿನಲ್ಲಿ ಅದು ಯಾಕೋ ತುಂಬ ಚೆಂದ ಕಂಡಿತು. ಊರಿಗೆ ಊರೇ ನನ್ನ ತಪ್ಪನ್ನು ಕೈಗೆ ಕಟ್ಟಿಕೊಂಡು ಓಡಾಡುತ್ತಿದೆ ಅನ್ನಿಸಿತು.

ತಲೆಯೊಳಗಿನ ವಕೀಲೆ ಮಾತ್ರ ಸುಮ್ಮನಾಗಲಿಲ್ಲ. ದಾರ ಕಟ್ಟಿಸಿದ್ದು ಸುಳ್ಳೇ? ಅಲ್ಲ. ಅದು ಬಾಟಲಿಯ ಮೇಲೇ ಉಳಿಯಿತೆಂದು ಬರೆದಿದ್ದೀಯಾ? ಇಲ್ಲ. ಕಳಿಸಿಬಿಡು, ಯಾರಿಗೆ ಗೊತ್ತಾಗುತ್ತದೆ?

ಅಜ್ಜಿ ಕಾಫಿಯ ಲೋಟ ಹಿಡಿದು ಇಳಿದು ಬಂದು ಪಕ್ಕದಲ್ಲಿ ಕೂತರು. ಲೋಟ ನನಗೆ ಕೊಟ್ಟು ಹಬೆಯನ್ನಷ್ಟೇ ಅವರು ತೆಗೆದುಕೊಂಡರು.

"ನೀನೇನು ಬಿಟ್ಟೆ ಕಾಶೀಲಿ?"

"ಹಾಗಲಕಾಯಿ."

"ತಿಂತಿದ್ಯಾ?"

"ಇಲ್ಲ."

"ಹಂಗಾದ್ರೆ ಅದು ಬಿಟ್ಟಿದ್ದಲ್ಲ, ಎಸೆದಿದ್ದು. ಇಪ್ಪತ್ತು ವರ್ಷ ಆಯ್ತು, ಈ ವಾಸನೆ ಬಂದಾಗೆಲ್ಲ ನಂಗೆ ಇಲ್ಲಿ ಹಿಂಡುತ್ತೆ" ಎಂದು ಎದೆ ಮುಟ್ಟಿಕೊಂಡರು. "ಹಿಂಡ್ಬೇಕು ಕಣೆ. ಇಲ್ದಿದ್ರೆ ಬಿಟ್ಟಿದ್ದು ಅಂತ ಗೊತ್ತಾಗೋದು ಹೆಂಗೆ?"

ಲ್ಯಾಪ್‌ಟಾಪ್ ತೆರೆದು ಆ ವಾಕ್ಯವನ್ನು ಇನ್ನೊಮ್ಮೆ ಓದಿ ಅಳಿಸಿದೆ. ಹಿಂಡಿತು. ಅದು ಹೋದ ಮೇಲೆ ಉಳಿದ ಪುಟ ಓದಿದರೆ, ಈಗಲೇ ಏಕೆ ಎಂಬುದಕ್ಕೆ ಅಲ್ಲಿ ಉತ್ತರವೇ ಇರಲಿಲ್ಲ. ಜೊತೆಯವರೆಲ್ಲ ಹೊರಟಿದ್ದಾರೆ ಎಂಬುದೊಂದೇ ಕಾರಣ, ಅದನ್ನು ಬಗೆಬಗೆಯಾಗಿ ಹೇಳಿದ್ದೆ.

ಮೂರು ಗಂಟೆಯ ಹೊತ್ತಿಗೆ ಮಂಜಿನಲ್ಲಿ ಸುಟ್ಟ ಹಪ್ಪಳದಂಥ ಸೂರ್ಯ ಕಂಡ. ಅರ್ಜಿ ಕಳಿಸಲಿಲ್ಲ; ಐದು ಗಂಟೆ ಯಾವಾಗ ದಾಟಿತೋ ನೋಡಲೂ ಇಲ್ಲ.

"ದಾರದ ಬದಲು ಏನು ಕಟ್ಟಲಿ ಅಜ್ಜಿ?" ಎಂದು ಮರುದಿನ ಕೇಳಿದೆ.

ಚಟ್ನಿಯ ಪೊಟ್ಟಣ ಕಟ್ಟುತ್ತಿದ್ದ ಶಂಕರನ ಕೈಯಿಂದ ಅಜ್ಜಿ ರಬ್ಬರ್ ಬ್ಯಾಂಡ್ ಕಿತ್ತುಕೊಂಡರು. "ಇದನ್ನ ಹಾಕು. ಯಾವ ದೇವ್ರಿಗೂ ಏರ್ಸಲ್ಲ. ನಾಲ್ಕು ಸಲದ್ದಕ್ಕೆ ನಾಲ್ಕು, ಎರಡು ಸಲದ್ದಕ್ಕೆ ಎರಡು. ಕಣ್ಣು ಕಾಣದಿದ್ರೂ ಬೆರಳಿಗೆ ಲೆಕ್ಕ ಸಿಗುತ್ತೆ."

ಸರಿಹೋಯಿತೇ? ಬಹುಪಾಲು. ಕೆಲವು ಬ್ಯಾಂಡುಗಳು ಮೊಮ್ಮಗಳ ಜಡೆ ಸೇರಿದವು. ಈ ಸಲ ಮಾತ್ರ ಮನೆಮನೆಗೆ ಹೋಗಿ ಬಾಟಲಿಗಳನ್ನು ಕಣ್ಣಾರೆ ನೋಡಿ ಬಂದೆ. ಮುಂದಿನ ಚಳಿಗಾಲ ಬಂದಾಗ ಆ ಕೆಲಸವೇ ಮುಗಿದಿರಲಿಲ್ಲ. ಫಾರಂ ತೆರೆಯಲೇ ಇಲ್ಲ. ಈ ಬಾರಿ ಅರ್ಜಿ ಹಾಕಿದ್ದೇನೆ. ಈಗಲೇ ಏಕೆ ಎಂಬಲ್ಲಿ, ಈ ಊರು ಬಿಟ್ಟುಹೋಗಲು ಈಗ ನನಗೆ ಸಂಕಟವಾಗುತ್ತದೆ, ಅದಕ್ಕೇ, ಎಂದು ಬರೆದೆ. ಚರ್ಚೆಯಲ್ಲಿ ಇದು ಸೋಲುವ ವಾದ.

ಉತ್ತರ ಇನ್ನೂ ಬಂದಿಲ್ಲ. ಕಳೆದ ವಾರ ಮುಖ ಊದಿಸಿಕೊಂಡು ಕೂತಿದ್ದಾಗ ಪುಟ್ಟತಾಯಮ್ಮ, "ನಾನು ಅರ್ಜಿ ಹಾಕಿ ಇಪ್ಪತ್ತೆರಡು ವರ್ಷ ಆಯ್ತು, ನಂಗೇ ಮೇಲಿಂದ ಕರೆ ಬಂದಿಲ್ಲ. ನಿಂದು ಮೂರು ತಿಂಗಳು" ಎಂದು ತಟ್ಟೆ ಮುಂದೆ ತಳ್ಳಿದರು. ಹಾಗಲಕಾಯಿ ಗೊಜ್ಜು. ನಾನು ಬಿಟ್ಟದ್ದು ಲೆಕ್ಕಕ್ಕಿಲ್ಲವಾದ್ದರಿಂದ ಪೂರ್ತಿ ತಿನ್ನಬೇಕಂತೆ.

ತಿಂದೆ. ಕಹಿಯೇ. ಆ ವಾಕ್ಯ ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ, ಒಂದಕ್ಷರವೂ ತಪ್ಪದೆ. ಆಗೆಲ್ಲ ಎದೆಯಲ್ಲಿ ಸಣ್ಣಗೆ ಹಿಂಡುತ್ತದೆ. ಬಿಟ್ಟದ್ದು ನಿಜ ಎಂದು ಸಮಾಧಾನವಾಗುತ್ತದೆ.