ಒಂದು ಕಾರಿಗೆ ಎರಡು ಟರ್ಬೊ, ಒಬ್ಬ ಅಪ್ಪನಿಗೆ ನೂರು ಪ್ರಶ್ನೆ

ಕಳೆದ ಭಾನುವಾರ ಒಬ್ಬ ಹುಡುಗಿಯ ನೌಕರಿಯನ್ನು ನಾನು ಹತ್ತೇ ನಿಮಿಷದಲ್ಲಿ ತಪ್ಪಿಸುವವನಿದ್ದೆ. ಅದೂ ಸಹಾಯ ಮಾಡಲು ಹೋಗಿ!

ಹುಡುಗಿಯ ಹೆಸರು ವೀಣಾ. ಇಲ್ಲಿ ನಾಸಿಕದಲ್ಲಿ ನಮ್ಮ ಬ್ಯಾಂಕಿನ ಎದುರು ಹೋಟೆಲ್ ನಡೆಸುವ ಕುಂದಾಪುರ ಕಡೆಯ ಅನಂತಯ್ಯನವರ ಮಗಳು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ್ದಾಳೆ. ಔರಂಗಾಬಾದಿನ (ಸಂಭಾಜಿನಗರ ಎನ್ನುವವರು ಹಾಗೇ ಓದಿಕೊಳ್ಳಿ) ಒಂದು ಕಾರ್ಖಾನೆಯಿಂದ ಅವಳಿಗೆ ಕೆಲಸದ ಪತ್ರ ಬಂದಿತ್ತು. ಎಂಜಿನ್ನಿಗೆ ಟರ್ಬೊ ತಯಾರಿಸುವ ಕಾರ್ಖಾನೆ. ಬುಧವಾರದೊಳಗೆ ಸೇರಬೇಕು. ಅಪ್ಪ ಮಾತ್ರ ಜಪ್ಪಯ್ಯ ಎಂದರೂ ಒಪ್ಪುತ್ತಿಲ್ಲ.

"ಕೆಲಸ ಎಂತದು ಅಂತ ನಂಗೆ ಅರ್ಥ ಆಗುವ ಹಾಗೆ ಹೇಳ್ಲಿ ಸಾಹೇಬ್ರೇ. ಅರ್ಥ ಆದ್ರೆ ಕಳಿಸ್ತೇನೆ. ಇಲ್ದಿದ್ರೆ ಇಲ್ಲೇ ಗಲ್ಲೆಯಲ್ಲಿ ಕೂತ್ಕೊಳ್ಳಲಿ" ಎಂದರು ಅನಂತಯ್ಯ.

ಪಂಚಾಯ್ತಿಗೆ ಕರೆದದ್ದು ನನ್ನನ್ನು. ಬ್ಯಾಂಕಿನವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮವರಲ್ಲಿದೆ. ಬಿ.ಪಿ. ಮಾತ್ರೆಯಿಂದ ಹಿಡಿದು ಜಾತಕದವರೆಗೆ ನಮ್ಮನ್ನೇ ಕೇಳುತ್ತಾರೆ. (ಆ ನಂಬಿಕೆ ಕೆಡಿಸುವ ಧೈರ್ಯ ನನಗಿಲ್ಲ.)

ಮಧ್ಯಾಹ್ನ ಮೂರಕ್ಕೆ ಹೆಂಡತಿ ಸರೋಜಾಳ ಜೊತೆ ಹೋದೆ. ಶಟರ್ ಅರ್ಧ ಇಳಿಸಿದ್ದರು, ಒಳಗೆ ಗಿರಾಕಿಗಳಿರಲಿಲ್ಲ. ವೀಣಾಳ ಕಾಲೇಜಿನ ಪ್ರಾಜೆಕ್ಟ್ ಮೇಜಿನ ಮೇಲಿತ್ತು. ಒಂದೇ ಕಾರಿಗೆ ಎರಡು ಟರ್ಬೊ ಕೂಡಿಸುವುದು ಹೇಗೆ ಎಂಬ ವಿಷಯ. ಚಿತ್ರದಲ್ಲಿ ಎರಡು ಫ್ಯಾನು ಕಂಡವು. ಅಷ್ಟು ಸಾಕಲ್ಲ ನನ್ನಂಥವನಿಗೆ!

"ಭಾಳ ಸುಲಭ ಅದ ಅನಂತಯ್ಯನವರ. ಎರಡು ಫ್ಯಾನು ಹೊಗಿ ಹೊರಗ ಹಾಕ್ತಾವ. ಎರಡಿದ್ರ ಡಬಲ್ ಸ್ಪೀಡ್!"

ಅನಂತಯ್ಯ ತಲೆ ಅಲ್ಲಾಡಿಸಿದರು. "ಹೊಗೆ ಹೊರಗೆ ಹಾಕ್ಲಿಕ್ಕೆ ನಮ್ಮ ಅಡುಗೆಮನೆಯಲ್ಲೂ ಫ್ಯಾನು ಉಂಟು. ಅದಕ್ಕೆ ನಾಲ್ಕು ವರ್ಷ ಓದ್ಬೇಕಾ?" ಎಂದು ಪತ್ರವನ್ನು ಮಡಚಿ ಗಲ್ಲೆಯ ಡ್ರಾಯರಿಗೆ ಹಾಕಿಬಿಟ್ಟರು.

ವೀಣಾಳ ಮುಖ ಸಣ್ಣಗಾಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಗೊತ್ತಿಲ್ಲ ಎಂದು ಹೇಳಲು ನಮಗೇಕೆ ಅಷ್ಟು ಕಷ್ಟ?

"ಕಾಕಾ, ಉಲ್ಟಾ ಹೇಳಿದ್ರಿ ನೀವು" ಎಂದು ಎದ್ದವಳೇ ಅಪ್ಪನ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. ನಾವೂ ಹಿಂದೆ ಹೋದೆವು.

"ಅಪ್ಪಾ, ಐಕಾ ನಾ, ಕೇಳಿ ಸ್ವಲ್ಪ! ಭಟ್ಟಿಗೆ ಗಾಳಿ ಊದಿದ್ರೆ ಎಂತ ಆಗ್ತದೆ?"

"ಬೆಂಕಿ ಜೋರಾಗ್ತದೆ."

"ಎಂಜಿನ್ ಕೂಡ ಸೇಮ್. ಜಾಸ್ತಿ ಗಾಳಿ ತುಂಬಿದ್ರೆ ಜಾಸ್ತಿ ಪೆಟ್ರೋಲ್ ಉರಿಸ್ಬಹುದು, ತಾಕತ್ ಬರ್ತದೆ. ಹೊರಗೆ ಹೋಗುವ ಹೊಗೆ ಒಂದು ಚಕ್ರ ತಿರುಗಿಸ್ತದೆ. ಆ ಚಕ್ರದ ದಂಡಕ್ಕೇ ಇನ್ನೊಂದು ಚಕ್ರ ಇರ್ತದೆ. ಅದು ಹೊಸ ಗಾಳಿ ಒಳಗೆ ದಬ್ತದೆ."

"ಕರೆಂಟ್ ಬೇಡ್ವಾ? ಫುಕಟ್ಟಾ?"

"ಹೆಚ್ಚುಕಡಿಮೆ ಫುಕಟ್."

ಹೋಟೆಲಿನವರ ಕಣ್ಣು ಅರಳಿತು. "ಹಾಗಾದ್ರೆ ದೊಡ್ಡದೊಂದು ಹಾಕಿದ್ರಾಯ್ತು. ಎರಡೆಂತಕ್ಕೆ?"

ವೀಣಾ ಒಲೆಯ ಮೇಲಿನ ಎರಡು ದೋಸೆ ಕಾವಲಿಗಳನ್ನು ತೋರಿಸಿದಳು. "ಬೆಳಿಗ್ಗೆ ಆರಕ್ಕೆ ತ್ರ್ಯಂಬಕದ ಜೀಪ್ ಹಿಡಿಯುವವರು ಬರ್ತಾರಲ್ಲ, ಆಗ ಯಾವುದರಲ್ಲಿ ಹುಯ್ತೀರಿ?"

"ಸಣ್ಣದ್ರಲ್ಲಿ. ದೊಡ್ಡದು ಕಾಯುವಷ್ಟ್ರಲ್ಲಿ ಅವ್ರು ಪೂಜೆ ಮುಗಿಸಿ ವಾಪಸ್ ಬಂದಿರ್ತಾರೆ!"

"ಹತ್ತು ಗಂಟೆಯ ಗರ್ದಿಗೆ?"

"ಸಣ್ಣದ್ರಲ್ಲಿ ಎಷ್ಟೂಂತ ಹುಯ್ಯುದು? ದೊಡ್ಡದೇ ಬೇಕು."

"ಟರ್ಬೊ ಕೂಡ ಹಾಗೇ ಅಪ್ಪಾ. ಎಂಜಿನ್ ನಿಧಾನ ಇದ್ದಾಗ ಹೊಗೆ ಕಮ್ಮಿ, ದೊಡ್ಡ ಚಕ್ರ ಬೇಗ ತಿರುಗುದಿಲ್ಲ. ಸಣ್ಣದು ಪಟ್ ಅಂತ ತಿರುಗ್ತದೆ. ಸ್ಪೀಡ್ ಏರಿದ ಮೇಲೆ ಸಣ್ಣದ್ರ ಗಾಳಿ ಸಾಲುದಿಲ್ಲ, ಆಗ ದೊಡ್ಡದು."

ಅನಂತಯ್ಯ ಎರಡೂ ಕಾವಲಿಗಳನ್ನು ಬಗ್ಗಿ ನೋಡಿದರು. ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳ ಸುರಿಮಳೆ! ಎರಡೂ ಒಂದೇ ಅಳತೆಯವು ಇರಬಾರದಾ? (ಇರಬಹುದಂತೆ. ಎಂಜಿನ್ನಿನ ಅರ್ಧ ಸಿಲಿಂಡರುಗಳ ಹೊಗೆ ಒಂದಕ್ಕೆ, ಉಳಿದರ್ಧದ್ದು ಇನ್ನೊಂದಕ್ಕೆ.) ಸಣ್ಣದರಿಂದ ದೊಡ್ಡದಕ್ಕೆ ಹೊಗೆ ತಿರುಗಿಸುವುದು ಯಾರು?

"ನಡುವೆ ವಾಲ್ವ್ ಇರ್ತದೆ. ಅದು ಸರಿಯಾದ ಹೊತ್ತಿಗೆ ತೆರೀತದಾ ಅಂತ ನೋಡುದೇ ನನ್ನ ಕೆಲಸ."

"ನಿನ್ನ ಕೆಲಸವಾ?" ಅಪ್ಪ ಮಗಳನ್ನು ಒಂದು ಗಳಿಗೆ ನೋಡಿದರು. ಹೊರಗೆ ಹೋಗಿ ಡ್ರಾಯರಿನಿಂದ ಪತ್ರ ತೆಗೆದು ಅವಳ ಕೈಗಿತ್ತರು. "ಔರಂಗಾಬಾದಿಗೆ ನಾನೇ ಬಂದು ಬಿಟ್ಟು ಬರ್ತೇನೆ" ಎಂದರು. ಅವರ ದನಿ ಸ್ವಲ್ಪ ಒಡೆದಿತ್ತು. ವೀಣಾ ನಗುತ್ತ ನಾಲ್ಕು ಕಾಫಿ ಮಾಡಿ ತಂದಳು.

ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಅನಂತಯ್ಯನವರನ್ನು ಹೊಗಳಿದೆ. ಎಂಥ ತಂದೆ! ತಿಳಿದುಕೊಂಡು ಕಳಿಸುವವನಲ್ಲವೇ ನಿಜವಾದ ತಂದೆ?

ಸರೋಜಾ ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಅಂದಳು: "ಆ ಹುಡುಗಿ ಮನಿ ಬಿಟ್ಟು ಹೋಗಬೇಕಂದ್ರ ಇಡೀ ಎಂಜಿನ್ ಬಿಚ್ಚಿ ತೋರಿಸಬೇಕಾತು. ನಮ್ಮ ಮಗ ನೌಕರಿಗಂತ ಪುಣೆಕ್ಕ ಹೊಂಟಾಗ ನೀವು ಏನ್ ಕೇಳಿದ್ರಿ?"

ಕೇಳಿದ್ದೆನಲ್ಲ: "ಬಸ್ಸು ಎಷ್ಟು ಗಂಟೆಗೆ?"