ಕಟ್ಟದೆ ಕತ್ತರಿಸಿದ ಕೂದಲು

ಅವಳನ್ನು ಎಲ್ಲರೂ ಕೊಕ್ಕೆಯಕ್ಕ ಎಂದು ಕರೆಯುವುದಕ್ಕೆ ಎರಡು ಕಾರಣ. ಒಂದು, ವಿಗ್ ಮಾಡುವ ಅಂಗಡಿಯಲ್ಲಿ ಅವಳು ಹಿಡಿಯುವ ಸಾಮಾನು: ಮರದ ಹಿಡಿ, ತುದಿಯಲ್ಲಿ ಗಾಳದಂಥ ಪುಟ್ಟ ಕೊಕ್ಕೆ. ಅದರಿಂದ ಒಂದೊಂದೇ ಕೂದಲನ್ನು ಬಲೆಬಟ್ಟೆಯ ಕಣ್ಣಿಗೆ ಎಳೆದು ಗಂಟು ಹಾಕುವುದು ಅವಳ ಕಸುಬು. ಇನ್ನೊಂದು, ಯಾರು ಏನೇ ಹೇಳಲಿ, ಅದಕ್ಕೊಂದು ಕೊಕ್ಕೆ ಹಾಕದೆ ಅವಳ ನಾಲಿಗೆ ಬಿಡುವುದಿಲ್ಲ. ಯಜಮಾನ “ಇವತ್ತು ಸೆಕೆ ಜಾಸ್ತಿ” ಎಂದರೆ, “ಫ್ಯಾನು ಕೆಟ್ಟು ಎಷ್ಟು ಕಾಲ ಆಯ್ತು? ಹಿಮ ಬೀಳುತ್ತಾ ಮತ್ತೆ?” ಎನ್ನುವವಳು. ಹೆಂಗಸರಿಗೆ ಬೆನ್ನೊರಗುವ ಕುರ್ಚಿ ಬೇಕೆಂದು ಒಮ್ಮೆ ಎಲ್ಲರ ಕೊಕ್ಕೆಗಳನ್ನೂ ಮೇಜಿನ ಮೇಲೆ ಇಡಿಸಿ, ಕೈಕಟ್ಟಿ ಕೂರಿಸಿದವಳೂ ಅವಳೇ. ಕುರ್ಚಿ ಬಂತು. ಅವಳದ್ದಕ್ಕೆ ಮಾತ್ರ ಒಂದು ಕಾಲು ಗಿಡ್ಡ.

“ನಮ್ಮ ಜುಟ್ಟು ಯಜಮಾನರ ಕೈಲಿ, ಊರಿನವರ ಜುಟ್ಟು ನಮ್ಮ ಕೈಲಿ” ಎನ್ನುತ್ತ ಆ ಕುಂಟು ಕುರ್ಚಿಯಲ್ಲೇ ಕೂತು ಅವಳ ಕೂದಲು ನರೆತಿತ್ತು.

ಅಂಗಡಿಯೆಂದರೆ ಪಂಪ್ ರಿಪೇರಿಯವನ ತಲೆಯ ಮೇಲಿನ ಮಹಡಿ. ಕೆಳಗೆ ಗ್ರೀಸು, ಮೇಲೆ ಕೂದಲು. ಒಂದು ಗೋಡೆಗೆ ಮರದ ತಲೆಗಳ ಸಾಲು, ಇನ್ನೊಂದು ಗೋಡೆಗೆ ಡ್ರಾಯರುಗಳು. ಮೇಲಿನ ಡ್ರಾಯರಿನಲ್ಲಿ ಮೊದಲ ದರ್ಜೆಯ ಮಾಲು: ಎಂದೂ ಬಣ್ಣ ಹಚ್ಚದ ಮನುಷ್ಯರ ಕೂದಲು, ತಲೆಯಲ್ಲಿರುವಾಗಲೇ ಬುಡಕ್ಕೆ ದಾರ ಬಿಗಿದು ಆಮೇಲೆ ಕತ್ತರಿಸಿದ್ದು. ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಒಂದು ಕಡೆ. ಕೂದಲಿಗೆ ಮೀನಿಗಿರುವಂತೆ ಹುರುಪೆ ಇರುತ್ತದೆ, ಬರಿಗಣ್ಣಿಗೆ ಕಾಣುವುದಿಲ್ಲ. ಎಲ್ಲ ಒಂದೇ ದಿಕ್ಕಿಗೆ ಮಲಗಿದ್ದರೆ ರೇಷ್ಮೆ. ಬುಡ ತುದಿ ಅದಲುಬದಲಾಯಿತೋ, ಹುರುಪೆಗೆ ಹುರುಪೆ ಕಚ್ಚಿಕೊಂಡು ಜಡೆಗಟ್ಟುತ್ತದೆ. ಅದಕ್ಕೇ ಮೊದಲು ದಾರ, ಆಮೇಲೆ ಕತ್ತರಿ. ಆದರೆ ಈ ಮಾತನ್ನು ಕಸುಬಿನವರು ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಇಲ್ಲ. ಬಾಗಿಲು ತೆಗೆದು ಒಳಗೆ ಬಾ ಎಂದು ಯಾರು ಬಿಡಿಸಿ ಹೇಳುತ್ತಾರೆ?

ಅದರ ಕೆಳಗಿನದು ಉದುರು ಕೂದಲಿನ ಡ್ರಾಯರು. ಬಾಚಣಿಗೆಗೆ, ಬಚ್ಚಲಿನ ಜಾಲರಿಗೆ ಸಿಕ್ಕಿದ್ದು. ಬುಡ ತುದಿ ಗೊತ್ತಿಲ್ಲದ್ದರಿಂದ ಆ್ಯಸಿಡ್ಡಿನಲ್ಲಿ ಅದ್ದಿ ಹುರುಪೆಯನ್ನೇ ತೆಗೆದು, ಮೇಲೆ ಎಣ್ಣೆಯಂಥದ್ದೇನೋ ಸವರಿ ಹೊಳಪು ಕೊಟ್ಟಿರುತ್ತಾರೆ. ನಾಲ್ಕು ಸಲ ತೊಳೆದರೆ ಬಣ್ಣ ಬಯಲು. ಮೂರನೆಯದು ಪ್ರಾಣಿಗಳ ಪಾಲು: ಚಮರೀಮೃಗದ ಹೊಟ್ಟೆಯ ಬಿಳಿ ಕೂದಲು, ಮೇಕೆಯದ್ದು, ಕುದುರೆ ಬಾಲ, ಹೆಣೆದಿಟ್ಟ ಕುರಿಯ ಉಣ್ಣೆ. ನಾಟಕದವರ ಗಡ್ಡಮೀಸೆ ಇದರಲ್ಲೇ. ಅದು ಉಣ್ಣೆ ತಾತನ ಸಾಮ್ರಾಜ್ಯ. ಅಂಗಡಿಗೆ ಎಲ್ಲರಿಗಿಂತ ಮೊದಲು ಬಂದವನು, ಸ್ವಂತ ಮುಖದ ಮೇಲೆ ಒಂದು ರೋಮವೂ ಇಲ್ಲ. ತೀರಾ ಕೆಳಗೆ ಪ್ಲಾಸ್ಟಿಕ್ ಎಳೆ. ಅಗ್ಗದ್ದು ಗೊಂಬೆಯ ತಲೆಯಂತೆ ಮಿರಮಿರ ಮಿಂಚುತ್ತದೆ, ಒಲೆಯ ಮುಂದೆ ಬಗ್ಗಿದರೆ ಮುಂಗುರುಳು ಸುಟ್ಟು ಸುರುಟುತ್ತದೆ. ದುಬಾರಿಯದ್ದು ಶಾಖ ತಡೆಯುತ್ತದೆ, ಗಾಳಿಗೆ ಮಾತ್ರ ಅಲ್ಲಾಡಲು ಬೇಸರಪಡುತ್ತದೆ.

ಕಡ್ಡಿ ಗೀರಿದರೆ ಯಾವುದರ ಕುಲ ಯಾವುದೆಂದು ಗೊತ್ತಾಗುತ್ತದೆ. ಪ್ಲಾಸ್ಟಿಕ್ಕು ಕರಗಿ ಮಣಿಯಾಗುತ್ತದೆ. ಮನುಷ್ಯರದ್ದೂ ಪ್ರಾಣಿಯದ್ದೂ ಒಂದೇ ನಾತ ಹೊಡೆದು ಬೂದಿಯಾಗುತ್ತವೆ. “ಸುಟ್ಟರೆ ಯಜಮಾನನೂ ಒಂದೇ, ಕುದುರೇನೂ ಒಂದೇ” ಎಂದು ತಾತ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. “ಕುದುರೆಗೆ ಬೇಜಾರಾಗುತ್ತೆ, ಮೆಲ್ಲಗೆ” ಎಂದು ಕೊಕ್ಕೆಯಕ್ಕ.

ಅವಳ ಒಬ್ಬಳೇ ತಂಗಿ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. ಸೊಂಟ ದಾಟುವ ಕೂದಲು, ಕಂದು ಛಾಯೆ, ಕತ್ತಿನ ಹತ್ತಿರ ಮಾತ್ರ ಗುಂಗುರು. ಕೌಂಟರಿನ ಕಿಟಕಿ ಚಿಕ್ಕದು. ಆಚೆಯಿಂದ ನೋಡುವವರಿಗೆ ಕಾಣುವುದು ಅವಳ ಕೈ ಮತ್ತು ಮುಂದಕ್ಕೆ ಹಾಕಿಕೊಂಡ ಜಡೆ. “ಜಡೆಯಕ್ಕನ ಸಾಲಿಗೆ ಹೋಗು, ಬೇಗ ಆಗುತ್ತೆ” ಎಂದು ಜನ ಹೇಳುತ್ತಿದ್ದರು. ಅವಳಿಗೆ ಗಡ್ಡೆ ಬಂತು. ಔಷಧಿ ಏರಿಸಿದರೆ ಕೂದಲೆಲ್ಲ ಹೋಗುತ್ತದೆ ಎಂದು ಆಸ್ಪತ್ರೆಯವರು ಹೇಳಿದರು. ಕಾಯಿಲೆಯ ಹೆಸರು ಕೇಳಿ ಅಳದವಳು ಇದಕ್ಕೆ ಅತ್ತಳು.

“ನಿಮ್ಮಂಗಡಿ ಟೋಪಿ ಬೇಡ ನನಗೆ” ಎಂದಳು ಫೋನಿನಲ್ಲಿ. “ಪ್ಲಾಸ್ಟಿಕ್ ಹಾಕ್ಕೊಂಡ್ರೆ ಬಕೆಟ್ ಬೋರಲು ಹಾಕ್ಕೊಂಡ ಹಾಗೆ. ಇನ್ನೊಬ್ಬರದ್ದು ಅಂದ್ರೆ ಯಾರದೋ ಹಾಸಿಗೇಲಿ ಮಲಗಿದ ಹಾಗೆ. ನನ್ನದೇ ಆದ್ರೆ ಹಾಕ್ಕೊಂಡು ಕೌಂಟರಿಗೆ ಹೋಗ್ತೀನಿ. ಇಲ್ಲಾಂದ್ರೆ ಇಲ್ಲ.”

“ನಿನ್ನದೇ ಮಾಡ್ಕೊಡ್ತೀನಿ ಪುಟ್ಟಿ. ಔಷಧಿ ಏರಿಸೋಕೆ ಮುಂಚೆ ಕತ್ತರಿಸಿಬಿಡಿ. ಬುಡಕ್ಕೇ ಕತ್ತರಿ ಇಡಿ. ಒಂದೆಳೆನೂ ಬಿಸಾಡಬೇಡಿ. ಮಿಕ್ಕಿದ್ದೆಲ್ಲ ನನಗೆ ಬಿಡಿ.”

ತಾನೇ ಹೋಗಿ ಕತ್ತರಿಸಬೇಕೆಂದಿದ್ದಳು. ನಾಟಕದವರ ಗಡ್ಡ ಮುಗಿಯುವವರೆಗೆ ರಜೆಯ ಮಾತೆತ್ತಬೇಡ ಎಂದ ಯಜಮಾನ. ಜಗಳವಾಡಿದಳು, ಸೋತಳು. ಅಷ್ಟರಲ್ಲಿ ಆಸ್ಪತ್ರೆಯವರು ಔಷಧಿ ಏರಿಸುವ ದಿನವನ್ನು ಹೇಳಿದ್ದಕ್ಕಿಂತ ಮೊದಲೇ ಇಟ್ಟರು.

ತಂಗಿಯ ಗಂಡ ನಲ್ಲಿ ರಿಪೇರಿ ಮಾಡುವವನು. ಒಂದು ಮಧ್ಯಾಹ್ನ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಎದೆಗೆ ಒಂದು ದಿಂಬಿನ ಚೀಲವನ್ನು ಹಸುಗೂಸಿನಂತೆ ಅವಚಿಕೊಂಡಿದ್ದ.

“ಎಲ್ಲಾ ಇದೆ ಅಕ್ಕಾ. ಒಂದೆಳೆ ಆಚೆ ಹೋಗಿಲ್ಲ.”

“ಹೇಗೆ ಕತ್ತರಿಸಿದೆ?”

“ಸ್ಟೂಲ್ ಮೇಲೆ ಕೂರಿಸಿ, ಕೆಳಗೆ ಬೆಡ್‌ಶೀಟ್ ಹಾಸಿ, ಕೈಗೆ ಸಿಕ್ಕಷ್ಟು ಹಿಡ್ಕೊಂಡು. ಅವಳು ಅಳೋದು, ನಾನು ಕೋತಿ ಚೇಷ್ಟೆ ಮಾಡೋದು. ಆಮೇಲೆ ಎರಡು ಸಲ ಶಾಂಪೂ ಹಾಕಿ ಉಜ್ಜಿ ಉಜ್ಜಿ ತೊಳ್ದೆ. ಕೊಳೆ ಕೂದಲು ಕೊಟ್ರೆ ನೀವು ಸುಮ್ನೆ ಬಿಡ್ತೀರಾ?”

ಕೊಕ್ಕೆಯಕ್ಕ ಚೀಲದೊಳಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದು ಕೂದಲಲ್ಲ, ಕಂಬಳಿಯ ತುಂಡು. ಬುಡ ತುದಿ ಕಲಸಿ, ನೀರು ಸೋಪು ಹಾಕಿ ಉಜ್ಜಿದರೆ ಕೂದಲು ಏನಾಗಬೇಕೋ ಅದೇ ಆಗಿತ್ತು. ಕಟ್ಟಿ ಕತ್ತರಿಸಿ ಎಂಬ ಒಂದು ಮಾತು. ಜನ್ಮವಿಡೀ ಬೇಡದ ಕಡೆಯೆಲ್ಲ ಬಾಯಿ ಹಾಕಿದವಳು ಅದೊಂದನ್ನು ಹೇಳಿರಲಿಲ್ಲ.

“ಇಷ್ಟು ಸಾಕಾಗುತ್ತಾ ಅಕ್ಕಾ?”

“ಸಾಕು.”

ಅವನು ಹಗುರಾಗಿ ಮೆಟ್ಟಿಲಿಳಿದು ಹೋದ. ತಾತ ಇಣುಕಿ, “ಏನೇ ಅದು, ಕುರಿ ಕೊಟ್ಟು ಹೋದ್ನಾ?” ಎಂದ. ಅವಳ ಮುಖ ನೋಡಿ ತನ್ನ ಡ್ರಾಯರಿಗೆ ಹಿಂತಿರುಗಿದ.

ಸಂಜೆ ಕೆಲಸ ಮುಗಿದ ಮೇಲೆ ಬೆಳಕಿರುವಷ್ಟು ಹೊತ್ತು ಅವಳು ಕಿಟಕಿಯ ಹತ್ತಿರ ಕೂರತೊಡಗಿದಳು. ಕೂದಲಿನ ಬುಡ ಹುಡುಕಲು ಒಂದು ಉಪಾಯವಿದೆ. ಹೆಬ್ಬೆರಳು ತೋರುಬೆರಳ ನಡುವೆ ಒಂದೆಳೆ ಉದ್ದುದ್ದಕ್ಕೆ ಹಿಡಿದು ಹಿಂದೆ ಮುಂದೆ ಉಜ್ಜಿದರೆ, ಅದು ಹುಳುವಿನಂತೆ ಬುಡದ ದಿಕ್ಕಿಗೇ ತೆವಳುತ್ತದೆ. ಹೀಗೆ ಒಂದೊಂದೇ ಎಳೆ. ಒಂದು ತಲೆಗೆ ಎಷ್ಟು ಸಾವಿರ ಬೇಕೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಉಜ್ಜಿದಳು. ಕಂಬಳಿಯಿಂದ ಬಿಡಿಸುವಾಗಲೇ ಅರ್ಧಕ್ಕರ್ಧ ತುಂಡಾಗುತ್ತಿತ್ತು. ಕೊನೆಗೆ ಕೈಗೆ ದಕ್ಕಿದ್ದು ಪೆನ್ಸಿಲ್ ದಪ್ಪದ ಒಂದು ಎಸಳು.

“ಆ್ಯಸಿಡ್‌ಗೆ ಹಾಕಿ ನೋಡು” ಎಂದ ತಾತ. ಒಂದು ಹಿಡಿ ಹಾಕಿದಳು. ಗಂಟು ಬಿಡಲಿಲ್ಲ, ಬಣ್ಣ ಬಿಟ್ಟಿತು. ಹೊರಬಂದದ್ದು ತೆಂಗಿನ ನಾರು.

“ಡ್ರಾಯರಿಂದ ತೆಗೆದು ಮಾಡ್ಕೊಡು. ಕೂದಲ ಮೇಲೆ ಹೆಸರು ಬರ್ದಿರುತ್ತಾ?” ಎಂದ ಯಜಮಾನ.

“ಅವಳು ನೋಟಿನ ಕಟ್ಟಲ್ಲಿ ಖೋಟಾ ನೋಟನ್ನ ಬೆರಳಲ್ಲೇ ಹಿಡಿಯೋಳು. ತನ್ನ ತಲೆ ಗೊತ್ತಾಗಲ್ವಾ ಅವಳಿಗೆ?”

ಆದರೂ ಬೇರೆ ದಾರಿ ಇರಲಿಲ್ಲ. ಮೇಲಿನ ಡ್ರಾಯರಿನ ಮಾಲಿನಲ್ಲಿ ಕಂದು ಛಾಯೆಯದನ್ನು ಹುಡುಕಿ ತೆಗೆದಳು. ಯಾವ ಹೆಂಗಸಿನದೋ, ಯಾವ ಅಡಚಣೆಗೆ ಮಾರಿದ್ದೋ. ಬೊಕ್ಕತಲೆ ಬಡವರಿಗೂ ಬರುತ್ತದೆ, ಬಲ್ಲಿದರಿಗೂ ಬರುತ್ತದೆ. ಕೂದಲು ಮಾತ್ರ ಯಾವಾಗಲೂ ಬಡವರ ತಲೆಯಿಂದಲೇ ಇಳಿಯುತ್ತದೆ. ಯಜಮಾನ ಎರಡನೇ ಮಾತಾಡದೆ ಕೊಟ್ಟ. ಕುರ್ಚಿಯ ಕಥೆ ಅವನೂ ಮರೆತಿರಲಿಲ್ಲ. ಕತ್ತಿನ ಹತ್ತಿರ ಗುಂಗುರು ಬರುವಂತೆ ಕಡ್ಡಿಗೆ ಸುತ್ತಿ ಹಬೆ ಕೊಟ್ಟಳು. ಹಣೆಯ ಮುಂದಿನ ಸಾಲಿಗೆ ಮಾತ್ರ ತಂಗಿಯ ಆ ಎಸಳಿನ ಎಳೆಗಳನ್ನು ಒಂದೊಂದಾಗಿ ಕಟ್ಟಿದಳು. ಅವಳ ಕೈಯಿಂದ ಅಷ್ಟು ಚೆನ್ನಾದ ವಿಗ್ ಹಿಂದೆಂದೂ ಹೊರಬಿದ್ದಿರಲಿಲ್ಲ.

ಬಸ್ಸಿನಲ್ಲಿ ಹೋಗುವಾಗ ಹೇಳಬೇಕಾದ್ದನ್ನು ಜೋಡಿಸಿಕೊಂಡಳು. ಇದ್ದದ್ದು ಇದ್ದಂತೆ: ಕಟ್ಟಿ ಅಂತ ನಾನು ಹೇಳಲಿಲ್ಲ, ನಿನ್ನ ಗಂಡ ಕಟ್ಟದೆ ಕತ್ತರಿಸಿ ಉಜ್ಜಿ ತೊಳೆದ, ಹಾಳಾಯಿತು. ಮೂರು ಮಾತು.

ತಂಗಿಯದು ಎರಡು ಕೋಣೆಯ ಮನೆ. ಹೊರಗಿನ ಕೋಣೆಯ ತುಂಬ ಪೈಪು, ವಾಷರು. ಒಳಗಿನ ಕೋಣೆಯಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡು ತಂಗಿ ಗೋಡೆಗೆ ಒರಗಿದ್ದಳು. ಹುಬ್ಬೂ ಹೋಗಿತ್ತು. ಅವಳ ಗಂಡ ಅವಳು ವಾಂತಿ ಮಾಡಿದ್ದ ಬೋಗುಣಿ ತೊಳೆದು ತಂದಿಟ್ಟು, ಗಂಜಿಯ ಚಮಚ ಅವಳ ಬಾಯಿಗೆ ಹಿಡಿಯುತ್ತಿದ್ದ. ಅವಳು ನುಂಗಿದಾಗೆಲ್ಲ ತಾನೂ ನುಂಗುತ್ತಿದ್ದ.

“ಬಂದ್ಯಾ? ಇವರು ನನ್ನ ಕೂದಲು ತೊಳೆದ ಪುರಾಣ ಬೀದಿಗೆಲ್ಲ ಮುಟ್ಟಿದೆ” ಎಂದಳು ತಂಗಿ. ದನಿ ಸಣ್ಣದಾಗಿತ್ತು, ಆದರೂ ನಗುತ್ತಿದ್ದಳು. “ಇಷ್ಟು ದಿನಕ್ಕೆ ಇವರು ನೆಟ್ಟಗೆ ಮಾಡಿದ ಕೆಲಸ ಇದೊಂದೇ ಅಂತ ನಾನೂ ಒಪ್ಕೊಂಡಿದೀನಿ.”

ಅವನು ನಾಚಿಕೊಂಡು ಚಮಚ ನೆಕ್ಕಿದ.

ಬಸ್ಸಿನಲ್ಲಿ ಜೋಡಿಸಿದ್ದ ಮೂರು ಮಾತನ್ನೂ ಕೊಕ್ಕೆಯಕ್ಕ ಪಕ್ಕಕ್ಕಿಟ್ಟಳು. ಈ ಮನೆಯಲ್ಲಿ ನಿಂತಿರುವ ಕಂಬ ಇವನೊಬ್ಬನೇ. ಅದರ ಬುಡಕ್ಕೇ ಕೊಡಲಿ ಹಾಕುವುದು ಹೇಗೆ?

“ನಾನು ಕೆಡಿಸಿಬಿಟ್ಟೆ ಪುಟ್ಟಿ” ಎಂದಳು. “ಆ್ಯಸಿಡ್‌ನಲ್ಲಿ ಹೆಚ್ಚು ಹೊತ್ತು ಬಿಟ್ಟೆ. ಮರೆತೆ. ಎಲ್ಲಾ ಹೋಯ್ತು. ಮುಂದಿನ ಸಾಲು ಮಾತ್ರ ನಿಂದು.” ಚೀಲದಿಂದ ವಿಗ್ ತೆಗೆದು ಹಾಸಿಗೆಯ ಮೇಲಿಟ್ಟಳು.

ತಂಗಿ ಮುಂದಿನ ಸಾಲನ್ನು ಬೆರಳಲ್ಲಿ ಸವರಿದಳು. ಬೆರಳು ಹಿಂದಿನ ಸಾಲಿಗೆ ಸರಿದು ನಿಂತಿತು.

“ಇದು ಯಾರದು?”

“ಗೊತ್ತಿಲ್ಲ.”

“ಮರೆತೆ ಅಂತಾಳೆ. ಊರಿನ ಬೋಳುತಲೆಗೆಲ್ಲ ಮಾಡ್ಕೊಡೋಕೆ ನೆನಪಿರುತ್ತೆ. ಒಡಹುಟ್ಟಿದವಳದ್ದು ಮಾತ್ರ ಮರೆತುಹೋಗುತ್ತೆ. ನಾನು ಒಂದೇ ಒಂದು ಕೇಳಿದ್ದು ನಿನ್ನ.”

“ಬೈಯಿ. ಆದ್ರೆ ಒಂದ್ಸಲ ಹಾಕ್ಕೊಂಡು ನೋಡು.”

“ನೀನೇ ಹಾಕ್ಕೋ. ಎದ್ದು ಹೋಗು ಇಲ್ಲಿಂದ. ನನಗೆ ಕೂಗೋ ಶಕ್ತಿ ಇಲ್ಲ ಅಂತ ಕೂತ್ಕೋಬೇಡ. ಇನ್ನು ಈ ಕಡೆ ಬರಬೇಡ.”

ಹೇಳಿದ್ದಕ್ಕೆಲ್ಲ ಕೊಕ್ಕೆ ಹಾಕುವವಳು ಎದ್ದು ನಿಂತಳು.

ತಂಗಿಯ ಗಂಡ ಬಸ್ ಸ್ಟಾಪಿನ ತನಕ ಬಂದ. ವಿಗ್ಗಿನ ಚೀಲ ಅವನ ಕೈಯಲ್ಲೇ ಇತ್ತು. ಮೆತ್ತಗೆ, “ನಾನು ಅಷ್ಟು ಜೋಪಾನವಾಗಿ ತಂದುಕೊಟ್ಟಿದ್ದೆ ಅಕ್ಕಾ” ಎಂದ.

“ಹೌದಪ್ಪ. ನೀನು ಸರಿಯಾಗೇ ಕೊಟ್ಟಿದ್ದೆ.”

“ಬೇಜಾರು ಮಾಡ್ಕೋಬೇಡಿ. ಯಾರಿಗಾದ್ರೂ ಆಗುತ್ತೆ. ಇದನ್ನ ನನ್ನ ಹತ್ರ ಬಿಡಿ, ಮೆಲ್ಲಗೆ ಒಪ್ಪಿಸ್ತೀನಿ. ಇದನ್ನ ಹೇಗೆ ತೊಳೀಬೇಕು ಹೇಳ್ಕೊಡಿ.”

ಕೊಕ್ಕೆಯಕ್ಕ ಬಾಯಿ ತೆರೆದಳು. ನೇತುಹಾಕಿ ನೀರು ಬಿಡಬೇಕು, ಬುಡದಿಂದ ತುದಿಗೆ ಮಾತ್ರ ಕೈ ಎಳೆಯಬೇಕು, ಯಾವ ಕಾರಣಕ್ಕೂ ಉಜ್ಜಬಾರದು. ಇಷ್ಟು ಹೇಳಿದರೆ ಸಾಕು, ನಲ್ಲಿಯ ತಿರುಪು ಯಾವ ಕಡೆಗೆ ತಿರುಗುತ್ತದೆಂದು ಬಲ್ಲವನಿಗೆ ಕೂದಲು ಕೆಟ್ಟದ್ದು ಯಾರ ಕೈಯಲ್ಲೆಂದು ತಾನಾಗಿ ಹೊಳೆಯುತ್ತದೆ.

“ನೀನು ತೊಳೆಯೋಕೆ ಹೋಗಬೇಡ” ಎಂದಳು. “ನಾನೇ ಬಂದು ತೊಳೀತೀನಿ.”

“ಬರಬೇಡ ಅಂದಿದಾಳಲ್ಲ.”

“ಹಾಗಾದ್ರೆ ತಂದ್ಕೊಡು.”

ಅವನು ತರಲಿಲ್ಲ. ಹಾಕಿಕೊಂಡಿದ್ದರಲ್ಲವೇ ತೊಳೆಯುವುದು. ಚಿಕಿತ್ಸೆ ಮುಗಿದರೂ ತಂಗಿ ಮತ್ತೆ ಕೌಂಟರಿಗೆ ಹೋಗುತ್ತಿಲ್ಲ, ಒಳಗಿನ ಕೋಣೆಯಲ್ಲಿ ಕಡತ ನೋಡಿಕೊಳ್ಳುವ ಕೆಲಸ ಕೇಳಿ ಪಡೆದಿದ್ದಾಳೆ ಎಂದು ಅವನೇ ಫೋನು ಮಾಡಿ ಹೇಳಿದ. ಅಲ್ಲಿ ಕಿಟಕಿ ಇಲ್ಲವಂತೆ. ಕೊಕ್ಕೆಯಕ್ಕ “ಹೂಂ” ಎಂದಳು. ಅವನು ಇನ್ನೇನಾದರೂ ಹೇಳುತ್ತಾಳೇನೋ ಎಂದು ಕಾದ. ಆಮೇಲೆ ಅವನೇ ಫೋನು ಇಟ್ಟ.