ಇಲ್ಲ ಅಂದವರ ಮನೆಯಲ್ಲಿ ಬೇಗ ಮುಗಿಯುತ್ತಿತ್ತು

ಕುಟುಂಬ ಯೋಜನೆಯ ಸಮೀಕ್ಷೆ ಅಂತ ಮನೆಮನೆ ಸುತ್ತುವವಳನ್ನು ಯಾರೂ ನಂಬುವುದಿಲ್ಲ. ನಾನೂ ಯಾರನ್ನೂ ನಂಬುತ್ತಿರಲಿಲ್ಲ ಅನ್ನಿ. "ನಾವೇನೂ ಬಳ್ಸಲ್ಲ" ಅಂದ ಹೆಂಗಸಿನ ಮುಖವನ್ನು ಎರಡು ಸಲ ನೋಡುತ್ತಿದ್ದೆ. ಆದರೆ ಚಾಮರಾಜನಗರದ ತರಬೇತಿಯಲ್ಲಿ ಕಟ್ಟುನಿಟ್ಟಾಗಿ ಹೇಳಿದ್ದರು: ಟ್ಯಾಬ್‌ನಲ್ಲಿ ಇದ್ದದ್ದನ್ನು ಇದ್ದಂತೆ ಓದಿ, ಅವರು ಹೇಳಿದ್ದನ್ನು ಒತ್ತಿ, ಸ್ವಂತ ಬುದ್ಧಿ ಓಡಿಸಬೇಡಿ.

ಗರ್ಭ ತಡೆಯಲು ಈಗ ಏನಾದರೂ ಬಳಸುತ್ತಿದ್ದೀರಾ ಅನ್ನುವ ಪ್ರಶ್ನೆಗೆ 'ಇಲ್ಲ' ಅಂದರೆ ಟ್ಯಾಬ್ ಸೀದಾ ಕೊನೆಗೆ ಹಾರುತ್ತಿತ್ತು. 'ಹೌದು' ಅಂದರೆ ಶುರುವಾಯಿತು ನೋಡಿ: ಯಾವುದು, ಎಲ್ಲಿ ಹಾಕಿಸಿದಿರಿ, ಯಾರು ಹೇಳಿದರು, ಆಮೇಲೆ ತೊಂದರೆ ಆಯಿತಾ, ಗಂಡನಿಗೆ ಗೊತ್ತಾ. ಅದನ್ನು ಬರೆದ ಪುಣ್ಯಾತ್ಮರು ಬಾಗಿಲ ಹೊರಗೆ ಅತ್ತೆ ಅನ್ನುವವಳು ಕೂತಿರುತ್ತಾಳೆ ಅಂತ ಯೋಚಿಸಿರಲೇ ಇಲ್ಲ.

ಭೀಮನಬೀಡಿನ ಕಡೆಯ ಒಂದು ಊರು. ಅಲ್ಲೊಬ್ಬಳು ಅತ್ತೆ, ಮನೆ ತೋರಿಸುತ್ತೇನೆ ಅಂತ ಬೆಳಗಿನಿಂದ ನನ್ನ ಜೊತೆಗೇ ಬಂದು, ಪ್ರತಿ ಮನೆಯ ಜಗಲಿಯ ಮೇಲೂ ಕೂತಿದ್ದಳು. ಕೊನೆಗೆ ಅವಳದೇ ಮನೆ. ಸೊಸೆಗೆ ಎರಡು ಹೆಣ್ಣುಮಕ್ಕಳು. ಬಾಗಿಲು ಮುಂದೆ ಮಾಡಿ ಕೇಳಿದೆ.

"ಕಾಪರ್ ಟಿ ಆಕುಸ್ಕೊಂಡಿವ್ನಿ ಅಕ್ಕ. ಅತ್ತೆಗೆ ಗೊತ್ತಿಲ್ಲ. ಗೊತ್ತಾದ್ರೆ ತೆಗ್ಸ್ಬುಡ್ತಾರೆ" ಅಂದಳು ಸೊಸೆ, ತುಟಿಯಲ್ಲೇ. ಎರಡನೆಯ ಹೆರಿಗೆಯಲ್ಲಿ ರಕ್ತ ಹೋಗಿ ಅವಳು ಉಳಿದದ್ದೇ ಹೆಚ್ಚಂತೆ. ಅತ್ತೆಗೆ ಮಾತ್ರ ಗಂಡು ಮೊಮ್ಮಗ ಆಗಲೇಬೇಕಿತ್ತು. ಆದರೂ ಮುಂದಿನ ಪ್ರಶ್ನೆ ಓದಿದೆ, ಅದರ ಮುಂದಿನದನ್ನೂ ಓದಿದೆ.

"ಮೇಡಮ್ಮೋರೆ, ಪಕ್ಕದ್ ಮನೇಲಿ ಬಿರ್ನೆ ಮುಗೀತು. ನಮ್ಮನೇಲೇನು ಇಷ್ಟೊತ್ತು?" ಹೊರಗಿನಿಂದ ಅತ್ತೆಯ ದನಿ.

ಸೊಸೆ ಟ್ಯಾಬ್ ಕಡೆ ಕೈ ಮಾಡಿದಳು. "ಇಲ್ಲ ಅಂತ ಒತ್ಬುಡಿ ಅಕ್ಕ" ಅಂದಳು. ಹಿಂದಕ್ಕೆ ಹೋಗಿ 'ಇಲ್ಲ' ಒತ್ತಿದೆ. ಟ್ಯಾಬ್ ತಕ್ಷಣ ಕೊನೆಗೆ ಹಾರಿತು.

ಹೊರಗೆ ಬಂದರೆ ಅತ್ತೆ ನನ್ನನ್ನೇ ನೋಡುತ್ತಿದ್ದಳು. "ಎದ್ರು ಮನೆಯೋಳ್ಗೆ ಆಪರೇಷನ್ ಆಗ್ಯದೆ, ಅಲ್ಲಿ ಬಾಳೊತ್ತು ಕೇಳುದ್ರಿ. ಪಕ್ಕದೋಳು ಏನೂ ಮಾಡುಸ್ಕೊಂಡಿಲ್ಲ, ಅಲ್ಲಿ ಬೇಗ ಎದ್ರಿ. ನಮ್ಮೋಳ್ತಾವ ಏನು ಅಷ್ಟೊಂದು?"

"ಒಬ್ಬರು ಹೇಳಿದ್ದನ್ನ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲಮ್ಮ."

"ಏಳ್ಬೇಡಿ ಬುಡಿ" ಅಂದು ಅವಳು ಸೆರಗು ಕೊಡವಿ ಎದ್ದಳು.

ಅವತ್ತು ಸಂಜೆಯೇ ಮೇಲ್ವಿಚಾರಕರಿಗೆ ಫೋನ್ ಮಾಡಿ, ಇಲ್ಲ ಅಂದವರಿಗೂ ಅಷ್ಟೇ ಉದ್ದಕ್ಕೆ ಬೇರೆ ಏನನ್ನಾದರೂ ಕೇಳುವ ಹಾಗೆ ಮಾಡಿ, ಇಲ್ಲದಿದ್ದರೆ ಎಲ್ಲರೂ ಇಲ್ಲ ಅನ್ನುವುದನ್ನೇ ಕಲಿಯುತ್ತಾರೆ ಅಂದೆ. ಪ್ರಶ್ನಾವಳಿ ಅಂತಿಮವಾಗಿದೆ ಅಂದರು. ನಾನು ಸ್ವಂತ ಬುದ್ಧಿ ಓಡಿಸುತ್ತಿದ್ದೇನೆ ಅಂತ ಅವರಿಗೆ ಗುಮಾನಿ.

ಮುಂದಿನ ವಾರ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸೊಸೆ ಸಿಕ್ಕಳು. ಮಡಿಲಲ್ಲಿ ಆಸ್ಪತ್ರೆಯ ಚೀಟಿ. ಅತ್ತೆ ಆಚೆ ಬಾಳೆಹಣ್ಣಿನ ಚೌಕಾಸಿಯಲ್ಲಿದ್ದಳು.

"ತೆಗ್ಸುದ್ರು" ಅಂದಳು. ಆಮೇಲೆ, "ನೀವೇ ಏಳ್ಬುಟ್ರಾ?"

"ಇಲ್ಲ ಕಣವ್ವ, ನಾನು ಒಂದು ಮಾತೂ ಹೇಳಲಿಲ್ಲ."

ಅವಳು ನನ್ನ ಕೈಯಲ್ಲಿದ್ದ ಟ್ಯಾಬ್ ನೋಡಿದಳು.

"ಅವತ್ತೂ ಇದ್ದುದ್ನ ನೀವು ಇಲ್ಲ ಅಂತ್ಲೇ ಅಲ್ವಾ ಒತ್ತುದ್ದು" ಅಂದಳು.